ಗಮನಿಸುವ ವಿದ್ಯೆ: ಸೆಸಾರ್ ರಿಟ್ಜ್ ಮತ್ತು ಐಷಾರಾಮಿ ಹೋಟೆಲಿನ ಹುಟ್ಟು

ಐಷಾರಾಮಿ ಪ್ರವಾಸವೆಂದೊಡನೆ ಅಮೃತಶಿಲೆಯ ನೆಲ, ತೂಗುದೀಪ, ರೇಷ್ಮೆಯ ತೆರೆಗಳು ಕಣ್ಣಮುಂದೆ ಬರುವುದು ಸಹಜವಾದರೂ, ದುಬಾರಿ ಹೋಟೆಲಿನಲ್ಲಿ ತಂಗುವವರು ಹಣ ತೆರುವುದು ಬಹುಮಟ್ಟಿಗೆ ಮತ್ತೊಂದು ಸಂಗತಿಗೆ: ಬಾಯಿಬಿಟ್ಟು ಕೇಳುವ ಮೊದಲೇ ತಮ್ಮ ಅಗತ್ಯವನ್ನು ಯಾರೋ ಗಮನಿಸಿ ಪೂರೈಸುತ್ತಾರೆಂಬ ಭರವಸೆಗೆ. ಮನೆಮನೆಯಲ್ಲಿ ಸದ್ಗುಣವಾಗಿದ್ದ ಈ ಗಮನವನ್ನು ಕಲಿಯಬಹುದಾದ, ಕಲಿಸಬಹುದಾದ ವೃತ್ತಿವಿದ್ಯೆಯಾಗಿ ರೂಪಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಸೆಸಾರ್ ರಿಟ್ಜ್ (1850–1918) ಅಗ್ರಗಣ್ಯನು. ನೀಡರ್‌ವಾಲ್ಡ್ ಎಂಬ ಬೆಟ್ಟದ ಹಳ್ಳಿಯ ರೈತ ಕುಟುಂಬದಲ್ಲಿ ಹದಿಮೂರನೆಯ ಮಗುವಾಗಿ ಹುಟ್ಟಿದ ಈತ, ಊಟದ ಕೋಣೆಯ ಕೆಳದರ್ಜೆಯ ಕೆಲಸಗಳಿಂದ ಆರಂಭಿಸಿ, ಅರಸರೂ ಕೋಟ್ಯಧೀಶರೂ ಹೆಸರು ಹೇಳಿ ಹುಡುಕಿಕೊಂಡು ಬರುವ ಹೋಟೆಲುಗಳ ಒಡೆತನದವರೆಗೆ ಏರಿದನು.

ಆ ಏರಿಕೆಗೆ ಕಾಲವೂ ಅನುಕೂಲವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲು ಮತ್ತು ಉಗಿಹಡಗುಗಳು ಬೆಳೆದು, ಅಮೆರಿಕದ ಹೊಸ ಶ್ರೀಮಂತರೂ ಯುರೋಪಿನ ಹಳೆಯ ಕುಲೀನರೂ ಆಲ್ಪ್ಸ್ ಪರ್ವತಗಳಿಗೂ ಮೆಡಿಟರೇನಿಯನ್ ಕರಾವಳಿಗೂ ಋತುಮಾನಕ್ಕೆ ತಕ್ಕಂತೆ ಹೋಗಿಬರತೊಡಗಿದರು. ತಮ್ಮ ಮನೆಗಳಲ್ಲಿ ಆಳುಕಾಳುಗಳ ನಡುವೆ ಬಾಳಿದ ಈ ಜನರಿಗೆ ಪರಸ್ಥಳದಲ್ಲಿಯೂ ಮನೆಗಿಂತ ಮಿಗಿಲಾದ ಸೌಕರ್ಯ ಬೇಕಾಗಿತ್ತು.

ರಿಟ್ಜ್‌ನ ಕಾರ್ಯವಿಧಾನ ಹೇಗಿತ್ತೆಂಬುದನ್ನು ಅವನ ಜೀವನಚರಿತ್ರೆಗಳಲ್ಲಿ ಬರುವ ರೀಗಿ ಕುಲ್ಮ್ ಪರ್ವತದ ಹೋಟೆಲಿನ ಪ್ರಸಂಗವು ಸ್ಪಷ್ಟಪಡಿಸುತ್ತದೆ. ಕೊರೆಯುವ ಚಳಿಯ ದಿನವೊಂದರಲ್ಲಿ ಕಟ್ಟಡವನ್ನು ಬೆಚ್ಚಗಿಡುವ ಯಂತ್ರ ಕೆಟ್ಟುಹೋಗಿ, ಸುಮಾರು ನಲವತ್ತು ಅಮೆರಿಕನ್ ಪ್ರವಾಸಿಗಳು ಊಟಕ್ಕೆ ಬರುವ ಹೊತ್ತಾಗಿದ್ದಾಗ, ಅವನು ವಿಶಾಲವಾದ ಭೋಜನಶಾಲೆಯನ್ನು ಕೈಬಿಟ್ಟು, ಕೆಂಪು ತೆರೆಗಳಿದ್ದ ಚಿಕ್ಕ ಕೋಣೆಯಲ್ಲಿ ಮೇಜುಗಳನ್ನು ಹಾಕಿಸಿದನು. ಅಲಂಕಾರದ ಗಿಡಗಳನ್ನಿರಿಸಿದ್ದ ದೊಡ್ಡ ತಾಮ್ರದ ಪಾತ್ರೆಗಳಲ್ಲಿ ಸ್ಪಿರಿಟ್ ತುಂಬಿಸಿ ಉರಿ ಹೊತ್ತಿಸಿದನು. ಇಟ್ಟಿಗೆಗಳನ್ನು ಒಲೆಯಲ್ಲಿ ಕಾಯಿಸಿ, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ಒಬ್ಬೊಬ್ಬರ ಕಾಲಡಿಗೂ ಒಂದೊಂದನ್ನು ಇಡಿಸಿದನು. ಊಟವೂ ಹಬೆಯಾಡುವ ಸಾರಿನಿಂದ ಮೊದಲಾಯಿತು. ಯಂತ್ರ ಕೆಟ್ಟದ್ದಕ್ಕೆ ಕ್ಷಮೆ ಕೇಳಿ ಸುಮ್ಮನಾಗದೆ, ಚಳಿ ಮೊದಲು ತಟ್ಟುವುದು ದೇಹದ ಯಾವ ಭಾಗಕ್ಕೆ, ಕಣ್ಣಿಗೆ ಬೆಚ್ಚನೆಯ ಭಾವ ಕೊಡುವ ಬಣ್ಣ ಯಾವುದು ಎಂದು ಬಿಡಿಬಿಡಿಯಾಗಿ ಯೋಚಿಸಿದ್ದೇ ಇಲ್ಲಿನ ವಿಶೇಷ.

1898ರ ಜೂನ್ 1ರಂದು ಪ್ಯಾರಿಸ್ಸಿನ ವಾಂಡೋಮ್ ಚೌಕದಲ್ಲಿ ಆರಂಭವಾದ ರಿಟ್ಜ್ ಹೋಟೆಲಿನಲ್ಲಿ ಈ ಯೋಚನಾಕ್ರಮವೇ ಕಟ್ಟಡದ ರೂಪ ತಾಳಿತು. ಕೋಣೆಗೆ ಹೊಂದಿಕೊಂಡ ಸ್ನಾನಗೃಹ, ವಿದ್ಯುದ್ದೀಪ, ದೂರವಾಣಿ ಇವು ಅಂದಿನ ಯುರೋಪಿನಲ್ಲಿ ಅಪರೂಪದ ಸೌಕರ್ಯಗಳಾಗಿದ್ದವು. ಕ್ಷಯರೋಗದ ಭಯ ವ್ಯಾಪಕವಾಗಿದ್ದ ಕಾಲವಾದ್ದರಿಂದ, ಧೂಳು ಹಿಡಿಯುವ ಗೋಡೆಕಾಗದದ ಬದಲು ತೊಳೆಯಬಹುದಾದ ಬಣ್ಣವನ್ನೂ, ಮರದ ಮಂಚದ ಬದಲು ಲೋಹದ ಮಂಚವನ್ನೂ, ದಪ್ಪ ತೆರೆಗಳ ಬದಲು ಒಗೆಯಲು ಸುಲಭವಾದ ತೆಳುಬಟ್ಟೆಯನ್ನೂ ರಿಟ್ಜ್ ಆರಿಸಿಕೊಂಡನು. ದೀಪದ ಬೆಳಕು ಹೆಂಗಸರ ಮುಖಕ್ಕೆ ಒಪ್ಪಬೇಕೆಂದು ತನ್ನ ಪತ್ನಿ ಮರಿಯನ್ನು ಗಂಟೆಗಟ್ಟಲೆ ಕೂರಿಸಿಕೊಂಡು, ಬಗೆಬಗೆಯ ಬಣ್ಣದ ಮರೆಗಳನ್ನು ಪರೀಕ್ಷಿಸಿ, ಕೊನೆಗೆ ಏಪ್ರಿಕಾಟ್ ಹಣ್ಣಿನ ನಸುಗೆಂಪನ್ನು ನಿಶ್ಚಯಿಸಿದನು. ಇದು ಬರಿಯ ಶೋಕಿಯಾಗಿರಲಿಲ್ಲ: ಕುಲೀನ ಸ್ತ್ರೀಯರು ಸಾರ್ವಜನಿಕ ಸ್ಥಳದಲ್ಲಿ ಊಟಕ್ಕೆ ಕೂರುವುದು ಅಷ್ಟೊಂದು ರೂಢಿಯಲ್ಲಿಲ್ಲದಿದ್ದ ಆ ಸಮಾಜದಲ್ಲಿ, ಅವರು ನಿಸ್ಸಂಕೋಚವಾಗಿ ಬರುವಂತಾದರೆ ಮಾತ್ರ ಹೋಟೆಲಿನ ಊಟದ ಮನೆ ತುಂಬುತ್ತದೆಂಬುದನ್ನು ಅವನು ಲಂಡನ್ನಿನ ಸೆವಾಯ್ ಹೋಟೆಲಿನ ವ್ಯವಸ್ಥಾಪಕನಾಗಿದ್ದಾಗಲೇ ಮನಗಂಡಿದ್ದನು.

ಅತಿಥಿಗೆ ಕಾಣುವ ಈ ನಯದ ಹಿಂದೆ ಕಾಣದ ಅಡುಗೆಮನೆಯೊಂದಿತ್ತು. ಅಲ್ಲಿನ ಸುಧಾರಕನು ರಿಟ್ಜ್‌ನ ಸಹಚರ, ಫ್ರೆಂಚ್ ಬಾಣಸಿಗ ಓಗುಸ್ತ್ ಎಸ್ಕೊಫಿಯೆ (1846–1935). ಒಂದು ಖಾದ್ಯವನ್ನು ಒಬ್ಬನೇ ಆದಿಯಿಂದ ಅಂತ್ಯದವರೆಗೆ ತಯಾರಿಸುತ್ತಿದ್ದ ಪದ್ಧತಿಯನ್ನು ಬದಲಿಸಿ, ಸಾಸ್, ಸುಟ್ಟ ಮಾಂಸ, ಮೀನು, ತರಕಾರಿ, ಸಿಹಿತಿಂಡಿ ಎಂದು ವಿಭಾಗಗಳನ್ನು ಮಾಡಿ, ಪ್ರತಿ ವಿಭಾಗಕ್ಕೂ ಒಬ್ಬ ಮುಖ್ಯಸ್ಥನನ್ನು ನೇಮಿಸುವ ಕ್ರಮವನ್ನು ಅವನು ವ್ಯವಸ್ಥಿತಗೊಳಿಸಿದನು. ಸೈನ್ಯದ ತುಕಡಿಯನ್ನು ಹೋಲುವ ಈ ಏರ್ಪಾಡಿಗೆ ಬ್ರಿಗೇಡ್ ಪದ್ಧತಿಯೆಂದು ಹೆಸರು. ಮೊಟ್ಟೆಯೊಡನೆ ಕುರಿಯ ಮೂತ್ರಪಿಂಡವನ್ನೂ ಟ್ರಫಲ್ ಎಂಬ ನೆಲದಡಿಯ ಅಣಬೆಯ ಸಾಸನ್ನೂ ಬಡಿಸುವ ಖಾದ್ಯವೊಂದಕ್ಕೆ ಒಬ್ಬನಿಗೆ ಕಾಲು ಗಂಟೆ ಹಿಡಿಯುತ್ತಿದ್ದರೆ, ಮೂರು ವಿಭಾಗಗಳು ಏಕಕಾಲದಲ್ಲಿ ಕೈಹಾಕಿದಾಗ ಅದು ಕೆಲವೇ ನಿಮಿಷಗಳಲ್ಲಿ ಬಿಸಿಬಿಸಿಯಾಗಿ ಮೇಜಿಗೆ ಬರುತ್ತಿತ್ತು. ಕಾದ ಒಲೆಗಳ ಮುಂದೆ ದಣಿವಾರಿಸಿಕೊಳ್ಳಲು ಮದ್ಯ ಕುಡಿಯುತ್ತಿದ್ದ ಅಡುಗೆಯವರಿಗೆ ಎಸ್ಕೊಫಿಯೆ ಬಾರ್ಲಿಯ ಪಾನೀಯವನ್ನು ಒದಗಿಸಿದನು. ಕೂಗಾಟವನ್ನೂ ಬೈಗುಳವನ್ನೂ ನಿಷೇಧಿಸಿದನು. ಊಟದ ಮನೆಯ ಸೌಜನ್ಯ ಅಡುಗೆಮನೆಯಿಂದಲೇ ಆರಂಭವಾಗಬೇಕೆಂಬ ತಿಳಿವಳಿಕೆ ಈ ಸುಧಾರಣೆಗಳಲ್ಲಿತ್ತು.

ಅಡುಗೆಮನೆಯಲ್ಲಿ ಹೀಗೆ ಹಂಚಿಕೆಯಾದ ಹೊಣೆ ರಿಟ್ಜ್‌ನ ಪಾಲಿಗೆ ಮಾತ್ರ ಹಂಚಿಕೆಯಾಗಲಿಲ್ಲ. ಒಂದು ನಗರದಿಂದ ಇನ್ನೊಂದಕ್ಕೆ ಸದಾ ಓಡಾಡುತ್ತ, ಪ್ರತಿಯೊಂದು ವಿವರವನ್ನೂ ತನ್ನ ಕಣ್ಣಿನಿಂದಲೇ ನೋಡಬೇಕೆನ್ನುತ್ತಿದ್ದ ಅವನು, 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಲಂಡನ್ನಿನ ಕಾರ್ಲ್‌ಟನ್ ಹೋಟೆಲನ್ನು ಭರ್ಜರಿಯಾಗಿ ಸಜ್ಜುಗೊಳಿಸಿದ್ದನು. ದೊರೆಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಿ, ಜೂನ್ 26ರಂದು ನಡೆಯಬೇಕಿದ್ದ ಸಮಾರಂಭ ಎರಡು ದಿನ ಮುಂಚೆ ಮುಂದೂಡಲ್ಪಟ್ಟಾಗ ರಿಟ್ಜ್ ಕುಸಿದುಬಿದ್ದನು; ಆ ಬಳಿಕ ಅವನ ಮನಸ್ಸು ಮೊದಲಿನ ಸ್ಥಿತಿಗೆ ಮರಳಲೇ ಇಲ್ಲ. ಸಾವಿರಾರು ಸಣ್ಣ ಸಂಗತಿಗಳ ಮೇಲಿನ ಗಮನವನ್ನು ಒಬ್ಬನೇ ಹೊರುವುದು ಎಂಥ ಭಾರವೆಂಬುದಕ್ಕೆ ಅವನ ಬದುಕೇ ನಿದರ್ಶನ.

ಮುಂದಿನ ತಲೆಮಾರುಗಳ ಆತಿಥ್ಯೋದ್ಯಮವು ಆ ಭಾರವನ್ನು ಹಂಚುವ ದಾರಿಗಳನ್ನು ಹುಡುಕಿತು. ಅವನ ಹೆಸರನ್ನು ಹೊತ್ತ ಅಮೆರಿಕದ ರಿಟ್ಜ್-ಕಾರ್ಲ್‌ಟನ್ ಸಂಸ್ಥೆಯು, ಅತಿಥಿಯ ತೊಂದರೆಯನ್ನು ಸ್ಥಳದಲ್ಲೇ ಪರಿಹರಿಸಲು ಪ್ರತಿ ಪ್ರಸಂಗಕ್ಕೆ 2,000 ಡಾಲರ್‌ಗಳವರೆಗೆ ಮೇಲಧಿಕಾರಿಯ ಅನುಮತಿಯಿಲ್ಲದೆ ಖರ್ಚು ಮಾಡುವ ಅಧಿಕಾರವನ್ನು ತನ್ನ ಸಾಮಾನ್ಯ ನೌಕರರಿಗೂ ಕೊಟ್ಟಿರುವುದು ಪ್ರಸಿದ್ಧವಾಗಿದೆ. ಕೋಣೆ ಗುಡಿಸುವವರೂ ಸಾಮಾನು ಹೊರುವವರೂ ಕಂಡದ್ದನ್ನು ವರದಿ ಮಾಡಿ ಆದೇಶಕ್ಕೆ ಕಾಯಬೇಕಿಲ್ಲ, ಗಮನಿಸಿದವರೇ ಪರಿಹರಿಸಬಹುದು. ಮೊತ್ತಕ್ಕಿಂತಲೂ ಅದರ ಹಿಂದಿರುವ ವಿಶ್ವಾಸವೇ ಈ ನಿಯಮದ ತಿರುಳು.

ಭಾರತದಲ್ಲಿ ಈ ಕಥೆ ಇನ್ನೊಂದು ದಿಕ್ಕಿನಿಂದ ಸಾಗಿತು. ಯುರೋಪಿನಲ್ಲಿ ಹೋಟೆಲುಗಳು ಅರಮನೆಯಂತಾಗಲು ಹವಣಿಸಿದರೆ, ಇಲ್ಲಿ ಅರಮನೆಗಳೇ ಹೋಟೆಲುಗಳಾದವು. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕಾಗಿ 1921ರಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಸನಿಹ ಕಟ್ಟಿಸಲಾರಂಭಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾಗಿ ಮಾರ್ಪಟ್ಟಿತು. ಆದರೆ ಗುಮ್ಮಟವೂ ಮೆಟ್ಟಿಲುಸಾಲೂ ಪಿತ್ರಾರ್ಜಿತವಾಗಿ ದೊರೆತ ಮಾತ್ರಕ್ಕೆ ಆತಿಥ್ಯ ದೊರೆತಂತಾಗುವುದಿಲ್ಲ; ಅದನ್ನು ಪ್ರತಿದಿನವೂ, ಪ್ರತಿ ಅತಿಥಿಗೂ ಹೊಸದಾಗಿ ಒದಗಿಸಬೇಕಾಗುತ್ತದೆ. ಹಾಗೆ ಒದಗಿಸುವವರಿಗೆ ತಕ್ಕ ಸಂಬಳ, ವಿಶ್ರಾಂತಿ, ತರಬೇತಿ ಹಾಗೂ ತೀರ್ಮಾನಿಸುವ ಸ್ವಾತಂತ್ರ್ಯ ಇಲ್ಲದಿದ್ದಲ್ಲಿ ವೈಭವವು ಗೋಡೆಗಳಲ್ಲಷ್ಟೇ ಉಳಿಯುವುದರಿಂದ, ಹೋಟೆಲಿನ ದರ್ಜೆಯನ್ನು ಅಳೆಯಬಯಸುವವರು ಅದರ ತೂಗುದೀಪಗಳ ಜೊತೆಗೆ ಅದರ ನೌಕರರ ಸ್ಥಿತಿಯನ್ನೂ ಗಮನಿಸುವುದು ಯುಕ್ತ.