ಸೂರ್ಯಚಂದ್ರರ ಹೆಸರಿನ ರಾಜಕುಮಾರಿ

ಅರಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರು ಚರಿತ್ರೆಯಲ್ಲಿ ಬರುವುದು ಬಹುಮಟ್ಟಿಗೆ ಎರಡೇ ಸಂದರ್ಭಗಳಲ್ಲಿ: ಮದುವೆಯಾದಾಗ ಒಮ್ಮೆ, ಮಡಿದಾಗ ಇನ್ನೊಮ್ಮೆ. ಅಂತಃಪುರದ ಗೋಡೆಯೊಳಗೆ ಅವರು ಏನನ್ನು ಬಯಸಿದರು, ಯಾವುದಕ್ಕೆ ಮರುಗಿದರು ಎಂಬುದನ್ನು ಬರೆದಿಟ್ಟವರು ವಿರಳ. ಆದರೆ ತುರ್ಕರ ರಾಜಧಾನಿಯಾಗಿದ್ದ ಇಸ್ತಾಂಬುಲ್ ನಗರದಲ್ಲಿ ಒಬ್ಬ ರಾಜಕುಮಾರಿಯ ಬಾಳು ಕಲ್ಲಿನಲ್ಲಿ ಬರೆದಂತೆ ಉಳಿದಿರುವುದು. ಆಕೆಯೇ ಮಿಹ್ರಿಮಾ ಸುಲ್ತಾನ. ಆ ವಂಶದಲ್ಲಿ ಸುಲ್ತಾನ ಎಂಬ ಬಿರುದು ಅರಸನಿಗೆ ಮಾತ್ರವಲ್ಲದೆ ಅರಸನ ಮಗಳಿಗೂ ಸಲ್ಲುತ್ತಿತ್ತು.

ಕ್ರಿ. ಶ. ೧೫೨೨ರಲ್ಲಿ ಮಿಹ್ರಿಮಾ ಜನಿಸಿದಳು. ತಂದೆಯು ಆಟೊಮನ್ ಚಕ್ರವರ್ತಿ ಸುಲೇಮಾನ್. ತಾಯಿಯು ದಾಸಿಯಾಗಿ ಅರಮನೆಯನ್ನು ಸೇರಿ ಚಕ್ರವರ್ತಿಯ ವಿವಾಹಿತ ಪತ್ನಿಯಾದ ಹುರ್ರೆಮ್. ಹಲವು ಗಂಡುಮಕ್ಕಳ ನಡುವೆ ಈ ದಂಪತಿಗಳಿಗೆ ಇವಳೊಬ್ಬಳೇ ಮಗಳು. ಪಾರಸಿ ಭಾಷೆಯಲ್ಲಿ ‘ಮಿಹ್ರ್’ ಎಂದರೆ ಸೂರ್ಯ, ‘ಮಾಹ್’ ಎಂದರೆ ಚಂದ್ರ; ಎರಡನ್ನೂ ಕೂಡಿಸಿ ಮಗುವಿಗೆ ಹೆಸರಿಟ್ಟರು.

೧೫೩೯ರಲ್ಲಿ, ಹದಿನೇಳರ ಪ್ರಾಯದಲ್ಲಿ, ಅವಳನ್ನು ರುಸ್ತೆಮ್ ಪಾಷಾ ಎಂಬ ಅಧಿಕಾರಿಗೆ ವಿವಾಹ ಮಾಡಿಕೊಟ್ಟರು. ಈ ವಿವಾಹದ ಬಗ್ಗೆ ಒಂದು ವಿನೋದದ ಕಥೆಯುಂಟು. ರುಸ್ತೆಮನಿಗೆ ಕುಷ್ಠರೋಗವಿದೆಯೆಂದು ಅವನ ವೈರಿಗಳು ಸುದ್ದಿ ಹಬ್ಬಿಸಿದರಂತೆ. ಪರೀಕ್ಷಿಸಲು ಹೋದ ವೈದ್ಯನು ಅವನ ಬಟ್ಟೆಯಲ್ಲಿ ಒಂದು ಹೇನನ್ನು ಕಂಡನಂತೆ. ಕುಷ್ಠರೋಗಿಯ ಮೈಯಲ್ಲಿ ಹೇನು ನಿಲ್ಲದೆಂಬುದು ಆ ಕಾಲದ ನಂಬಿಕೆ. ಹೀಗೆ ಒಂದು ಹೇನಿನ ಪುಣ್ಯದಿಂದ ಅವನು ಚಕ್ರವರ್ತಿಯ ಅಳಿಯನಾದನೆಂದು ಜನರು ನಗುತ್ತಿದ್ದರು. ೧೫೪೪ರಲ್ಲಿ ಅವನು ರಾಜ್ಯದ ಪ್ರಧಾನ ವಜೀರನಾದನು.

ಇದೇ ಕಾಲದಲ್ಲಿ ಮಿಹ್ರಿಮಾ ತನ್ನ ಮೊದಲನೆಯ ದೊಡ್ಡ ಧರ್ಮಕಾರ್ಯವನ್ನು ಕೈಕೊಂಡಳು. ಬಾಸ್ಫರಸ್ ಜಲಸಂಧಿಯ ಆಚೆ, ಏಷ್ಯದ ದಡದಲ್ಲಿ, ಉಸ್ಕುದಾರ್ ಎಂಬ ಊರಿದೆ. ಪೂರ್ವದೇಶಗಳಿಗೆ ಹೊರಡುವ ವರ್ತಕರೂ ಯಾತ್ರಿಕರೂ ದೋಣಿಯಿಂದ ಇಳಿಯುತ್ತಿದ್ದುದು ಅಲ್ಲಿಯೇ. ಆ ದೋಣಿಗಟ್ಟೆಯ ಬಳಿ ಮಸೀದಿಯೊಂದನ್ನು ಕಟ್ಟಿಸಿದಳು. ೧೫೪೮ರ ಹೊತ್ತಿಗೆ ಕೆಲಸ ಮುಗಿಯಿತು. ಶಿಲ್ಪಿಯು ತುರ್ಕರ ಸ್ಥಪತಿಗಳಲ್ಲಿ ಅಗ್ರಗಣ್ಯನಾದ ಸಿನಾನ್. ಮಸೀದಿಗೆ ಎರಡು ಮಿನಾರುಗಳು; ಅರಸುಮನೆತನದವರಿಗೇ ಮೀಸಲಾದ ಗೌರವವದು. ಮುಂದೆ ವಿಶಾಲವಾದ ಜೋಡಿ ಮೊಗಸಾಲೆ. ಬಿಸಿಲು ಮಳೆಗಳಲ್ಲಿ ದಾರಿಗರಿಗೆ ಅದು ನೆರಳು. ಮಸೀದಿಯ ಸುತ್ತ ಪಾಠಶಾಲೆ, ಮದರಸಾ, ಅನ್ನಸತ್ರ, ಪ್ರವಾಸಿಗಳ ತಂಗುಮನೆ.

ಗೃಹಸ್ಥರಾದ ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಇಸ್ಲಾಮಿನ ನ್ಯಾಯದಂತೆ ಸ್ತ್ರೀಯ ಆಸ್ತಿಯು ಅವಳದೇ. ಮದುವೆಯಾದ ಮಾತ್ರಕ್ಕೆ ಅದು ಗಂಡನದಾಗದು. ಅವಳು ಅದನ್ನು ವಕ್ಫು, ಎಂದರೆ ಶಾಶ್ವತವಾದ ಧರ್ಮದತ್ತಿ, ಮಾಡಬಹುದು. ಗ್ರಾಮಗಳ ಹುಟ್ಟುವಳಿ, ಅಂಗಡಿಗಳ ಬಾಡಿಗೆ, ಸ್ನಾನಗೃಹಗಳ ಆದಾಯ ಮೊದಲಾದುವನ್ನು ದತ್ತಿಪತ್ರದಲ್ಲಿ ನಮೂದಿಸಿ, ಅಡಿಗೆಯವನ ಸಂಬಳದಿಂದ ಹಿಡಿದು ದೀಪದ ಎಣ್ಣೆಯವರೆಗೆ ವೆಚ್ಚವನ್ನು ಗೊತ್ತುಪಡಿಸುತ್ತಿದ್ದರು. ಜನರ ಕಣ್ಣಿಗೆ ಬೀಳದೆ ಪರದೆಯ ಹಿಂದೆ ಇದ್ದ ಹೆಂಗಸು ನಿತ್ಯವೂ ಅಪರಿಚಿತರಿಗೆ ಅನ್ನವಿಕ್ಕುವುದು ಹೀಗೆ ಸಾಧ್ಯವಾಯಿತು.

ಆದರೆ ಅರಮನೆಯೊಳಗಿನ ಕಥೆಯು ಇಷ್ಟು ನಿರ್ಮಲವಾಗಿರಲಿಲ್ಲ. ೧೫೫೩ರಲ್ಲಿ ಸುಲೇಮಾನನು ಮತ್ತೊಬ್ಬ ಸ್ತ್ರೀಯಲ್ಲಿ ಹುಟ್ಟಿದ ತನ್ನ ಹಿರಿಯ ಮಗ ಮುಸ್ತಫನನ್ನು ದ್ರೋಹದ ಸಂಶಯದಿಂದ ಕೊಲ್ಲಿಸಿದನು. ಸೈನ್ಯವು ರೊಚ್ಚಿಗೆದ್ದಿತು. ಹುರ್ರೆಮಳೂ ಅಳಿಯ ರುಸ್ತೆಮನೂ ಸೇರಿ ಹೂಡಿದ ಸಂಚೆಂದು ಲೋಕವು ಆಡಿಕೊಂಡಿತು; ಆ ಅಪವಾದದ ನೆರಳು ಮಗಳ ಮೇಲೂ ಬಿದ್ದಿತು. ರುಸ್ತೆಮನು ಪದವಿಯನ್ನು ಕಳೆದುಕೊಂಡು, ಎರಡು ವರ್ಷಗಳ ಮೇಲೆ ಮರಳಿ ಪಡೆದನು. ೧೫೫೮ರಲ್ಲಿ ತಾಯಿಯು ತೀರಿಕೊಂಡಳು. ಮರುವರ್ಷವೇ ಒಡಹುಟ್ಟಿದ ತಮ್ಮಂದಿರಾದ ಸೆಲೀಮನೂ ಬಾಯಜೀದನೂ ಸಿಂಹಾಸನಕ್ಕಾಗಿ ಯುದ್ಧಕ್ಕೆ ನಿಂತರು. ಸೋತ ಬಾಯಜೀದನು ಪಾರಸಿಕ ದೇಶಕ್ಕೆ ಓಡಿಹೋಗಿ, ೧೫೬೧ರಲ್ಲಿ ಅಲ್ಲಿಯೇ ಕೊಲೆಯಾದನು. ಅದೇ ವರ್ಷ ರುಸ್ತೆಮನೂ ಮಡಿದನು. ಲೋಕದಲ್ಲಿ ಅಷ್ಟು ಐಶ್ವರ್ಯವಿದ್ದ ಸ್ತ್ರೀಯರು ಕೆಲವರೇ. ಆದರೂ ಒಬ್ಬ ತಮ್ಮನನ್ನು ಇನ್ನೊಬ್ಬ ತಮ್ಮನಿಂದ ಉಳಿಸಿಕೊಳ್ಳಲು ಆ ಐಶ್ವರ್ಯವು ನೆರವಾಗಲಿಲ್ಲ.

ವಿಧವೆಯಾದ ಮಿಹ್ರಿಮಾ ಅರಮನೆಗೆ ಹಿಂದಿರುಗಿ, ವೃದ್ಧನಾದ ತಂದೆಗೆ ಆಪ್ತಸಲಹೆಗಾರಳಾದಳು. ಹಜ್ ಯಾತ್ರಿಕರು ಮಕ್ಕಾ ನಗರದಲ್ಲಿ ನೀರಿಗಾಗಿ ಪಡುತ್ತಿದ್ದ ಕಷ್ಟವನ್ನು ನೀಗಿಸಲು, ಪೂರ್ವದಲ್ಲಿ ಖಲೀಫ ಹಾರೂನ್ ಅಲ್ ರಷೀದನ ರಾಣಿ ಜುಬೇದಾ ಕಟ್ಟಿಸಿದ್ದ ಕಾಲುವೆಯನ್ನು ಸರಿಪಡಿಸಿ ಮುಂದುವರಿಸುವ ಕಾರ್ಯಕ್ಕೆ ತನ್ನ ಹಣವನ್ನು ಒದಗಿಸಿದಳು. ಒಬ್ಬ ರಾಣಿಯು ತೋಡಿಸಿದ ಕಾಲುವೆಯನ್ನು ಏಳು ಶತಮಾನಗಳಿಗೂ ಮಿಕ್ಕಿ ಕಳೆದ ಮೇಲೆ ಮತ್ತೊಬ್ಬ ರಾಜಪುತ್ರಿಯು ಉದ್ಧರಿಸಿದುದು ಎಷ್ಟು ಸೊಗಸಾದ ಸಂಗತಿ!

ಆ ದಶಕದಲ್ಲಿಯೇ ಆಕೆಯ ಎರಡನೆಯ ಮಸೀದಿಯು ಎದ್ದಿತು. ನಗರದ ಇನ್ನೊಂದು ಅಂಚಿನಲ್ಲಿ, ಎದಿರ್ನೆ ಬಾಗಿಲಿನ ಪಕ್ಕದಲ್ಲಿ, ಎತ್ತರವಾದ ಗುಡ್ಡದ ಮೇಲೆ ಸಿನಾನನೇ ಅದನ್ನು ಕಟ್ಟಿದನು. ಗುಮ್ಮಟದ ಅಡ್ಡಳತೆ ಸುಮಾರು ೨೦ ಮೀಟರ್, ಎತ್ತರ ೩೭ ಮೀಟರ್. ಭಾರವನ್ನೆಲ್ಲ ನಾಲ್ಕು ಮಹಾ ಕಮಾನುಗಳ ಮೇಲೆ ಹೊರಿಸಿದುದರಿಂದ ನಡುವಿನ ಗೋಡೆಗಳು ಹಗುರವಾದವು. ಅವುಗಳಲ್ಲಿ ಸಾಲುಸಾಲಾಗಿ ಕಿಟಕಿಗಳನ್ನು ತೆರೆದನು. ಒಳಹೊಕ್ಕವರಿಗೆ ಕಲ್ಲಿನ ಕಟ್ಟಡದಲ್ಲಿ ನಿಂತಂತೆ ತೋರದು, ಬೆಳಕಿನ ಮಂಟಪದಲ್ಲಿ ನಿಂತಂತೆ ತೋರುವುದು. ಇದಕ್ಕೆ ಮಿನಾರು ಒಂದೇ. ಒಂಟಿಯಾದ ವಿಧವೆಯ ಗುರುತದು ಎಂದು ಜನರು ಹೇಳುವರು. ಸಿನಾನನು ರಾಜಕುಮಾರಿಯನ್ನು ಮೂಕವಾಗಿ ಪ್ರೀತಿಸಿದನೆಂದೂ, ಅವಳ ಹುಟ್ಟುಹಬ್ಬದಂದು ಒಂದು ಮಸೀದಿಯ ಹಿಂದೆ ಸೂರ್ಯನು ಮುಳುಗುವಾಗ ಇನ್ನೊಂದರ ಹಿಂದೆ ಚಂದ್ರನು ಮೂಡುವನೆಂದೂ ಕಥೆ ಕಟ್ಟಿರುವರು. ಕಥೆಯು ಸವಿಯಾದುದು, ಚರಿತ್ರೆಯ ಆಧಾರ ಮಾತ್ರ ಅದಕ್ಕಿಲ್ಲ.

೧೫೬೬ರಲ್ಲಿ ಸುಲೇಮಾನನು ಹಂಗೇರಿಯ ದಂಡಯಾತ್ರೆಯಲ್ಲಿ ಮಡಿದನು. ಪಟ್ಟವೇರಿದ ಸೆಲೀಮನಿಗೆ ತುರ್ತಾಗಿ ಬೇಕಾದ ೫೦,೦೦೦ ಚಿನ್ನದ ನಾಣ್ಯಗಳನ್ನು ಅಕ್ಕನೇ ಸಾಲವಾಗಿ ಕೊಟ್ಟಳು. ೧೫೭೮ರ ಜನವರಿ ೨೫ರಂದು ಮಿಹ್ರಿಮಾ ಕಣ್ಣುಮುಚ್ಚಿದಳು. ಗಂಡನ ಪಕ್ಕದಲ್ಲಿ ಅವಳನ್ನು ಮಣ್ಣುಮಾಡಲಿಲ್ಲ. ಸುಲೇಮಾನೀಯ ಮಸೀದಿಯ ಆವರಣದಲ್ಲಿ, ತಂದೆಯ ಸಮಾಧಿಮಂದಿರದೊಳಗೆ ಮಲಗಿಸಿದರು. ಅವನ ಮಕ್ಕಳಲ್ಲಿ ಆ ಸ್ಥಾನವು ದೊರೆತುದು ಇವಳೊಬ್ಬಳಿಗೇ.

ಉಸ್ಕುದಾರಿನ ಅನ್ನಸತ್ರವೂ ತಂಗುಮನೆಯೂ ಈಗ ಉಳಿದಿಲ್ಲ. ಗುಡ್ಡದ ಮಸೀದಿಯು ೧೮೯೪ರ ಮತ್ತು ೧೯೯೯ರ ಭೂಕಂಪಗಳಲ್ಲಿ ನೊಂದು, ಮತ್ತೆ ದುರಸ್ತಿಯಾಗಿ ನಿಂತಿದೆ. ಆಕೆಯ ಕೈಹಿಡಿದವನ ಅಧಿಕಾರ, ತಮ್ಮಂದಿರು ಕಾದಾಡಿದ ಸಿಂಹಾಸನ, ಕಡೆಗೆ ಆ ಸಾಮ್ರಾಜ್ಯವೇ ಅಳಿದುಹೋದವು. ಸಂಪತ್ತೆಲ್ಲ ನಿಷ್ಕಳಂಕವಾಗಿ ಬಂದುದೆಂದು ನಾವು ಹೇಳಲಾರೆವು. ಆದರೆ ಅದರಲ್ಲಿ ದಾರಿಗರ ಪಾಲನ್ನು ಆಕೆಯು ಬೇರೆಯಾಗಿ ತೆಗೆದಿಟ್ಟಳು. ಇಂದಿಗೂ ಜನರು ಆಕೆಯನ್ನು ಹೆಸರು ಹಿಡಿದು ನೆನೆಯುವುದು ಆ ಪಾಲಿನಿಂದಲೇ.