ಆಮ್ಲದ ಗಾಯ ಮತ್ತು ಪ್ರಥಮ ಚಿಕಿತ್ಸೆ

ಡೊಂಬಿವಲಿ, ಠಾಣೆ-ಬೇಲಾಪುರ ಪ್ರದೇಶಗಳ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಆಮ್ಲಗಳು ಹೊಸವಲ್ಲ. ಸಾಂದ್ರ ಗಂಧಕಾಮ್ಲವು ಮೈಗೆ ತಗಲಿದೊಡನೆ ಉರಿಯಿಂದಲೇ ಎಚ್ಚರಿಸುತ್ತದೆ. ಗಾಜಿನ ಮೇಲೆ ಚಿತ್ತಾರ ಕೊರೆಯಲು, ಉಕ್ಕನ್ನು ಶುಚಿಗೊಳಿಸಲು ಬಳಸುವ ಹೈಡ್ರೋಫ್ಲೋರಿಕ್ ಆಮ್ಲದ ಸ್ವಭಾವ ಬೇರೆ. ಅದು ನೀರು ಬೆರೆತು ತೆಳುವಾಗಿದ್ದರೆ ಮೊದಲು ನೋವೇ ತೋರದಿರಬಹುದು. ಕೆಲವು ಗಂಟೆಗಳ, ಒಮ್ಮೊಮ್ಮೆ 24 ಗಂಟೆಗಳ ತರುವಾಯ ಅಸಹನೀಯ ವೇದನೆ ಆರಂಭವಾಗುತ್ತದೆ. ಅಷ್ಟರಲ್ಲಿ ಕೆಲಸಗಾರನು ಪಾಳಿ ಮುಗಿಸಿ ಕಲ್ಯಾಣದ ಮನೆ ಸೇರಿರುತ್ತಾನೆ. ಆಳಕ್ಕಿಳಿದ ಫ್ಲೋರೈಡು ರಕ್ತದ ಕ್ಯಾಲ್ಸಿಯಂ ಅಂಶವನ್ನು ಕುಗ್ಗಿಸಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು.

ಆದುದರಿಂದ ನೋವಿಗಾಗಿ ಕಾಯದೆ, ಬಟ್ಟೆ ಕಳಚಿ, ಧಾರಾಳ ನೀರಿನಿಂದ ತಕ್ಷಣ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಲೇಪವನ್ನು ಹಚ್ಚಿ, ಆಸ್ಪತ್ರೆಗೆ ಧಾವಿಸಬೇಕು. ವೈದ್ಯರಿಗೆ 'ಆಸಿಡ್ ಬಿತ್ತು' ಎಂದಷ್ಟೇ ಹೇಳದೆ ಆಮ್ಲದ ಹೆಸರನ್ನೂ ತಿಳಿಸಬೇಕು. ಸರಿಯಾದ ಚಿಕಿತ್ಸೆಯು ಆ ಹೆಸರನ್ನೇ ಅವಲಂಬಿಸಿದೆ.