ಬಾಣೆ, ಗದ್ದೆ, ಬರೆ: ಪ್ಲಾನಿಂಗ್ ಓದಿನ ಬಗ್ಗೆ ಕೊಡಗಿನಲ್ಲಿ ಬೇರೂರಿದ ತಪ್ಪು ಕಲ್ಪನೆಗಳು

ಪಿಯುಸಿ ಫಲಿತಾಂಶ ಬಂದ ಮೇಲೆ ಕೊಡಗಿನ ಮನೆಗಳಲ್ಲಿ ನಡೆಯುವ ಚರ್ಚೆಯಲ್ಲಿ ಎಂಜಿನಿಯರಿಂಗ್ ಇರುತ್ತದೆ, ಮೆಡಿಕಲ್ ಇರುತ್ತದೆ, ಪೊನ್ನಂಪೇಟೆಯ ಅರಣ್ಯ ಕಾಲೇಜು, ಸೇನೆ ಎಲ್ಲವೂ ಇರುತ್ತವೆ. ನಗರ ಮತ್ತು ಪ್ರಾದೇಶಿಕ ಯೋಜನೆಯ ಹೆಸರು ಬರುವುದೇ ಅಪರೂಪ. ಬಂದರೂ ‘ಅದು ಬೆಂಗಳೂರಿನವರ ಓದು, ನಮ್ಮಲ್ಲಿ ನಗರ ಎಲ್ಲಿದೆ?’ ಎಂಬ ಒಂದೇ ಮಾತಿಗೆ ಚರ್ಚೆ ಮುಗಿದುಹೋಗುತ್ತದೆ.

ಈ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ. 2011ರ ಜನಗಣತಿಯಲ್ಲಿ 4,102 ಚದರ ಕಿಲೋಮೀಟರಿನ ಈ ಜಿಲ್ಲೆಯಲ್ಲಿದ್ದವರು 5,54,519 ಜನ. ಹತ್ತು ವರ್ಷದ ಏರಿಕೆ ಶೇ. 1ರ ಆಸುಪಾಸು. ಪಟ್ಟಣವಾಸಿಗಳು ನೂರಕ್ಕೆ ಹದಿನೈದಕ್ಕಿಂತ ಕಡಿಮೆ. ಆದರೆ ಜನಗಣತಿ ಎಣಿಸುವುದು ನೆಲೆಸಿದವರನ್ನು ಮಾತ್ರ. ಶನಿವಾರ, ಭಾನುವಾರ ಘಟ್ಟ ಹತ್ತಿ ಬರುವ ವಾಹನಗಳು, ಹೋಂಸ್ಟೇಗಳಿಗೆ ಬೇಕಾಗುವ ನೀರು, ಅಲ್ಲಿಂದ ಹೊರಬೀಳುವ ಕಸ, ವರ್ಷದಲ್ಲಿ ನಾಲ್ಕು ದಿನ ಮಾತ್ರ ಬಾಗಿಲು ತೆರೆಯುವ ರಜಾಮನೆಗಳು ಯಾವುವೂ ಆ ಲೆಕ್ಕದಲ್ಲಿ ಬರುವುದಿಲ್ಲ. ನೆಲದ ಮೇಲಿನ ಭಾರವಂತೂ ಏರುತ್ತಲೇ ಇದೆ. ಅದೂ ಪುರಸಭೆಯ ಗಡಿಯ ಹೊರಗೆ, ಪಂಚಾಯಿತಿಗಳಲ್ಲಿ, ತೋಟದ ಅಂಚಿನಲ್ಲಿ. ‘ಪ್ರಾದೇಶಿಕ’ ಎಂಬ ಪದ ಈ ಓದಿನ ಹೆಸರಿನಲ್ಲಿ ಸೇರಿರುವುದು ಇಂಥ ಜಾಗಗಳ ಸಲುವಾಗಿಯೇ.

ಸ್ಕಾಟ್ಲೆಂಡಿನ ಜೀವವಿಜ್ಞಾನಿ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು, ಹಲವು ಊರುಗಳಿಗೆ ಯೋಜನಾ ವರದಿ ಬರೆದುಕೊಟ್ಟು, 1919ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಕಣಿವೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಯಾವ ಎತ್ತರದಲ್ಲಿ ಯಾವ ಬದುಕು ನೆಲೆಯೂರಿದೆ ಎಂಬುದು ಕಾಣುತ್ತದೆ ಎಂದು ತೋರಿಸಿದವರು ಅವರು. ಇಂದಿಗೂ ಯೋಜನೆಯ ವಿದ್ಯಾರ್ಥಿಗಳು ಆ ಚಿತ್ರದಿಂದ ಕಲಿಯುತ್ತಾರೆ. ಕೊಡಗಿನ ಮಕ್ಕಳಿಗೆ ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೇಲೆ ಕಾಡು, ಕೆಳಗೆ ಇಳಿಜಾರಿನ ಬಾಣೆ, ಅದರ ಕೆಳಗೆ ಗದ್ದೆ, ಗದ್ದೆಯ ನಡುವೆ ತೋಡು, ತೋಡು ಸೇರುವ ಹೊಳೆ. ಗದ್ದೆಗೆ ಬೇಕಾದ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಸಿಗಲೆಂದು ಗದ್ದೆಯ ಜೊತೆಗೇ ಬಾಣೆಯನ್ನು ಕೊಡುತ್ತಿದ್ದರು. ಇಳಿಜಾರು ಮತ್ತು ತಗ್ಗು ಎರಡನ್ನೂ ಒಂದೇ ಹಿಡುವಳಿಯಲ್ಲಿ ಕಟ್ಟಿಹಾಕಿದ ಈ ವ್ಯವಸ್ಥೆ ನನ್ನ ಮಟ್ಟಿಗೆ ಬಹಳ ಬುದ್ಧಿವಂತಿಕೆಯ ಪ್ರಾದೇಶಿಕ ಯೋಜನೆ. ದೇವರಕಾಡನ್ನು ಮುಟ್ಟದೆ ಉಳಿಸಿದ್ದೂ ಭೂಬಳಕೆಯ ನಿರ್ಧಾರವೇ. ಗದ್ದೆ ಪಾಳುಬಿದ್ದು, ಮಣ್ಣು ತುಂಬಿಸಿ ಸೈಟಾದಾಗ, ಅಲ್ಲಿ ನಿಂತು ಇಂಗುತ್ತಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ? ಹೊಳೆ ಎಷ್ಟು ಬೇಗ ಏರುತ್ತದೆ? ಇದನ್ನು ಲೆಕ್ಕಹಾಕಲು ಕಲಿಸುವುದು ಈ ಶಾಸ್ತ್ರದ ಕೆಲಸ. 2018 ಮತ್ತು 2019ರಲ್ಲಿ ಕುಶಾಲನಗರದ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳ ಮನೆಗಳಿಗೆ ಕಾವೇರಿ ನುಗ್ಗಿದಾಗ ಆ ಲೆಕ್ಕದ ಬೆಲೆ ಅಲ್ಲಿನವರಿಗೆ ತಿಳಿಯಿತು.

ಎರಡನೆಯ ನಂಬಿಕೆ ಹೆಚ್ಚು ನೋವಿನದು. ‘2018ರ ಆಗಸ್ಟ್‌ನಲ್ಲಿ ಆದದ್ದು ಪ್ರಕೃತಿ ವಿಕೋಪ, ಪ್ಲಾನಿಂಗ್ ಏನು ಮಳೆ ತಡೆಯುತ್ತದೆಯೇ?’ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಯ ಕಡೆ ಬೆಟ್ಟ ಜಾರಿದಾಗ ಸುರಿದದ್ದು ಅಸಾಮಾನ್ಯ ಮಳೆ, ನಿಜ. ಆದರೆ ಅಲ್ಲಿಗೆ ಬಂದ ಭೂವಿಜ್ಞಾನಿಗಳು ಮಳೆಯ ಜೊತೆಗೆ ಇನ್ನೊಂದು ಕಾರಣವನ್ನೂ ಹೇಳಿದರು: ರಸ್ತೆ, ಮನೆ, ವಸತಿಗೃಹಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದು, ಕಡಿದ ಮಣ್ಣಿಗೆ ಆಸರೆ ಕೊಡದೆ ಬಿಟ್ಟದ್ದು. ಹಿತ್ತಿಲ ಬರೆ, ಎಂದರೆ ಮನೆಯ ಹಿಂದಿನ ಕಡಿದಾದ ಮಣ್ಣಿನ ಗೋಡೆ, ಕುಸಿದ ಕಥೆ ನಮ್ಮಲ್ಲಿ ಪ್ರತಿ ಮಳೆಗಾಲಕ್ಕೂ ಇದೆ. ಮಳೆಯನ್ನು ಯಾರೂ ತಡೆಯಲಾರರು. ಎಷ್ಟು ಡಿಗ್ರಿ ಇಳಿಜಾರಿನಲ್ಲಿ ಮನೆಗೆ ಅನುಮತಿ, ಜೆಸಿಬಿ ಎಷ್ಟು ಆಳಕ್ಕೆ ಇಳಿಯಬಹುದು, ಚರಂಡಿಯ ನೀರು ಯಾವ ಕಡೆ ಬೀಳಬೇಕು ಎಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸುತ್ತಾರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಭೂಮಿಯ ಕನ್ವರ್ಷನ್‌ಗೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಆ ಕಡತದ ಮುಂದೆ ಕುಳಿತವರ ಕೈಯಲ್ಲಿ ಇಳಿಜಾರಿನ ನಕ್ಷೆ ಇದೆಯೇ, ಅದನ್ನು ಓದಬಲ್ಲವರು ಕಚೇರಿಯಲ್ಲಿದ್ದಾರೆಯೇ ಎಂಬುದರ ಮೇಲೆ ಜೀವಗಳು ನಿಂತಿವೆ.

ಕುಸಿತದ ನಂತರದ ಕೆಲಸವೂ ಇದೇ ಓದಿಗೆ ಸೇರಿದ್ದು. ಸಂತ್ರಸ್ತರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಮನೆಗಳಾದವು. ಕುಸಿತಕ್ಕೂ ಮೊದಲೇ, 2016ರ ಡಿಸೆಂಬರ್‌ನಲ್ಲಿ, ದಿಡ್ಡಳ್ಳಿಯಿಂದ ಒಕ್ಕಲೆಬ್ಬಿಸಿದ ಆದಿವಾಸಿಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನೆಲೆ ಸಿಕ್ಕಿತು. ಸೂರು ಸಿಕ್ಕ ಕೂಡಲೇ ಬದುಕು ಸಿಗುವುದಿಲ್ಲ. ಕೂಲಿಗೆ ಹೋಗುವ ತೋಟ ಎಷ್ಟು ದೂರ, ಶಾಲೆ ಎಲ್ಲಿದೆ, ಬಸ್ ಬರುತ್ತದೆಯೇ? ತಲೆಮಾರುಗಳಿಂದ ತೋಟದ ಲೈನ್‌ಮನೆಯಲ್ಲೇ ಇರುವ ಕಾರ್ಮಿಕರಿಗೆ ಸ್ವಂತ ನೆಲ ಎಲ್ಲಿ? ಇವನ್ನು ಕೇಳದೆ ಮಾಡಿದ ಬಡಾವಣೆಯನ್ನು ಯೋಜನೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಮೂರನೆಯ ನಂಬಿಕೆ, ಈ ಓದಿಗೆ ‘ಚಿತ್ರ ಬರೆಯಲು ಬರಬೇಕು’ ಎಂಬುದು, ವಾಸ್ತುಶಿಲ್ಪದ ಓದಿನೊಂದಿಗೆ ಬೆರೆಸಿಕೊಂಡ ಗೊಂದಲ. ಜೆಇಇ ಮೇನ್‌ನಲ್ಲಿ ಡ್ರಾಯಿಂಗ್ ಇರುವುದು ಬಿ.ಆರ್ಕ್‌ನ 2ಎ ಪತ್ರಿಕೆಗೆ. ನಾಲ್ಕು ವರ್ಷದ ಬಿ.ಪ್ಲಾನ್‌ಗೆ ಇರುವ 2ಬಿ ಪತ್ರಿಕೆಯಲ್ಲಿ ಗಣಿತ, ಆಪ್ಟಿಟ್ಯೂಡ್ ಮತ್ತು ಯೋಜನೆಯ ಪ್ರಶ್ನೆಗಳಿರುತ್ತವೆ. ಪಿಯುಸಿಯಲ್ಲಿ ಗಣಿತ ಓದಿರಬೇಕು, ಅಷ್ಟೇ. ಒಳಗೆ ಹೋದ ಮೇಲೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಸಾರಿಗೆ, ಕಾನೂನು, ಉಪಗ್ರಹ ನಕ್ಷೆ, ಮನೆಮನೆ ಸಮೀಕ್ಷೆ. ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವರನ್ನೂ ಹಲವು ಸಂಸ್ಥೆಗಳು ಎಂ.ಪ್ಲಾನ್‌ಗೆ ಸೇರಿಸಿಕೊಳ್ಳುತ್ತವೆ. ದೆಹಲಿಗೇ ಹೋಗಬೇಕೆಂದೂ ಇಲ್ಲ: ಮೈಸೂರಿನ ಮಾನಸಗಂಗೋತ್ರಿಯಲ್ಲಿ ಈ ವಿಷಯದ ಸ್ನಾತಕೋತ್ತರ ಓದು ದಶಕಗಳಿಂದ ನಡೆದುಬಂದಿದೆ.

ಕೊನೆಯದು, ‘ಯೋಜನೆ ಎಂದರೆ ನಮ್ಮ ಜಾಗಕ್ಕೆ ಕುತ್ತು’ ಎಂಬ ಭಯ. ಪಶ್ಚಿಮ ಘಟ್ಟದ ಬಗೆಗಿನ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದ ಮೇಲೆ ಅದು ಇನ್ನೂ ಬಲಿಯಿತು. ಭಯಪಟ್ಟವರನ್ನು ನಾನು ದೂರುವುದಿಲ್ಲ. ವರದಿಯಲ್ಲೇನಿದೆ ಎಂದು ಕನ್ನಡದಲ್ಲಿ, ಊರಿಗೆ ಬಂದು ತಿಳಿಸಿದವರು ಕಡಿಮೆ. ಎಲ್ಲಿ ಏನು ಮಾಡಬಹುದೆಂಬುದನ್ನು ಗ್ರಾಮಸಭೆಗಳನ್ನು ಕೇಳಿಯೇ ಅಂತಿಮಗೊಳಿಸಬೇಕು ಎಂದು ಗಾಡ್ಗೀಳ್ ಸಮಿತಿಯೇ ಹೇಳಿತ್ತು. ಸಂವಿಧಾನದ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕೆನ್ನುತ್ತದೆ. ಅದರ ಕನಿಷ್ಠ ಐದರಲ್ಲಿ ನಾಲ್ಕು ಪಾಲು ಸದಸ್ಯರನ್ನು ಜಿಲ್ಲಾ ಪಂಚಾಯಿತಿ ಮತ್ತು ನಗರಸಂಸ್ಥೆಗಳ ಚುನಾಯಿತರು ತಮ್ಮೊಳಗಿನಿಂದಲೇ ಆರಿಸಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಮಾಸ್ಟರ್ ಪ್ಲಾನ್ ಅಂತಿಮವಾಗುವ ಮೊದಲು ಜನರಿಂದ ಆಕ್ಷೇಪಣೆ ಕರೆಯುತ್ತದೆ. ಕರಡು ನಕ್ಷೆಯಲ್ಲಿ ನಮ್ಮ ಗದ್ದೆಗೆ ಯಾವ ಬಣ್ಣ ಬಿದ್ದಿದೆ, ಆ ಬಣ್ಣದ ಅರ್ಥವೇನು, ಒಪ್ಪಿಗೆಯಿಲ್ಲದಿದ್ದರೆ ಏನೆಂದು ಬರೆದುಕೊಡಬೇಕು ಎಂದು ಹೇಳಿಕೊಡಬಲ್ಲ ಒಬ್ಬರಾದರೂ ಪ್ರತಿ ಹೋಬಳಿಯಲ್ಲಿ ಇರಬೇಕು. ಆ ಕೆಲಸಕ್ಕೆ ಹೊರಗಿನಿಂದ ಬಂದವರಿಗಿಂತ, ಬಾಣೆ ಯಾವುದು ಬರೆ ಯಾವುದು ಎಂದು ಚಿಕ್ಕಂದಿನಿಂದ ಬಲ್ಲವರೇ ಆಗಬಹುದು.